ಕಟಕಟೆಯಲ್ಲಿ ಮಾಜಿ ಸೈನಿಕ: ಅಮೆರಿಕದ ಚಿಕಿತ್ಸಾ ನ್ಯಾಯಾಲಯಗಳು ಯಾರನ್ನು ಒಳಗೆ ಬಿಡುತ್ತವೆ?

ನ್ಯೂಯಾರ್ಕ್ ರಾಜ್ಯದ ಬಫಲೋ ನಗರದಲ್ಲಿ ರಾಬರ್ಟ್ ರಸೆಲ್ ಎಂಬ ನ್ಯಾಯಾಧೀಶರು ಮಾದಕ ವ್ಯಸನಿಗಳಿಗೆಂದು 1995ರಿಂದಲೂ, ಮಾನಸಿಕ ಕಾಯಿಲೆ ಇರುವವರಿಗೆಂದು ಅದಾದ ಕೆಲವು ವರ್ಷಗಳಿಂದಲೂ ಪ್ರತ್ಯೇಕ ಕಲಾಪಗಳನ್ನು ನಡೆಸುತ್ತಿದ್ದರು. ಜೈಲಿನ ಬದಲು ಚಿಕಿತ್ಸೆ, ಆ ಚಿಕಿತ್ಸೆಯ ಮೇಲೆ ನ್ಯಾಯಾಧೀಶರ ನೇರ ನಿಗಾ ಎಂಬುದು ಈ ಕಲಾಪಗಳ ಕ್ರಮ. ಎರಡನೆಯ ಕಲಾಪಕ್ಕೆ ಬರುತ್ತಿದ್ದ ಒಬ್ಬ ವಿಯೆಟ್ನಾಂ ಯೋಧನ ವಿಷಯದಲ್ಲಿ ಮಾತ್ರ ಯಾವ ಪ್ರಯತ್ನವೂ ಫಲ ಕೊಡುತ್ತಿರಲಿಲ್ಲ. ಆತ ತಲೆ ತಗ್ಗಿಸಿ ನಿಲ್ಲುತ್ತಿದ್ದ, ಕೇಳಿದ್ದಕ್ಕೆ ಒಂದೆರಡು ಶಬ್ದಗಳಲ್ಲಿ ಉತ್ತರಿಸುತ್ತಿದ್ದ, ಚಿಕಿತ್ಸಾ ಗುಂಪಿನಲ್ಲಿ ಬಾಯಿ ಬಿಡುತ್ತಿರಲಿಲ್ಲ. ಒಂದು ದಿನ ರಸೆಲ್ ಅವರು ನ್ಯಾಯಾಲಯದ ಕೆಲಸದಲ್ಲಿದ್ದ ಇಬ್ಬರನ್ನು ಕರೆದು, ಆತನನ್ನು ಹೊರಗಿನ ಮೊಗಸಾಲೆಗೆ ಕರೆದೊಯ್ದು ಮಾತಾಡಿಸಿ ಎಂದರು. ಆ ಇಬ್ಬರೂ ವಿಯೆಟ್ನಾಂನಲ್ಲಿ ಸೇವೆ ಸಲ್ಲಿಸಿದ್ದವರು. ಸ್ವಲ್ಪ ಹೊತ್ತಿನ ನಂತರ ಒಳಗೆ ಬಂದ ಆ ಮನುಷ್ಯ ಕಾಲು ಅಗಲಿಸಿ, ಕೈಗಳನ್ನು ಬೆನ್ನ ಹಿಂದೆ ಕಟ್ಟಿ, ಪೆರೇಡಿನ ವಿಶ್ರಾಮ್ ಭಂಗಿಯಲ್ಲಿ ನೆಟ್ಟಗೆ ನಿಂತು, ನ್ಯಾಯಾಧೀಶರ ಕಣ್ಣಲ್ಲಿ ಕಣ್ಣಿಟ್ಟು, ಇನ್ನು ಮುಂದೆ ಪ್ರಯತ್ನಪಡುತ್ತೇನೆ ಎಂದ.

ಈ ಅನುಭವವೇ ಪ್ರೇರಣೆಯಾಗಿ 2008ರ ಜನವರಿಯಲ್ಲಿ ಬಫಲೋದಲ್ಲಿ ಮಾಜಿ ಸೈನಿಕರಿಗಾಗಿಯೇ ಒಂದು ಕಲಾಪ ಶುರುವಾಯಿತು. ಅಲಾಸ್ಕಾದ ಆಂಕರೇಜ್ ನಗರದಲ್ಲಿ 2004ರಲ್ಲೇ ಇಂಥದ್ದೊಂದು ಪ್ರಯತ್ನ ನಡೆದಿತ್ತಾದರೂ ದೇಶದ ಇತರ ನ್ಯಾಯಾಲಯಗಳು ಮಾದರಿಯಾಗಿ ಹಿಡಿದದ್ದು ಬಫಲೋದ ಕ್ರಮವನ್ನು. ಇಂದು ಅಮೆರಿಕದಲ್ಲಿ ವೆಟರನ್ಸ್ ಟ್ರೀಟ್‌ಮೆಂಟ್ ಕೋರ್ಟ್ ಎಂದು ಕರೆಯುವ ಇಂಥ ನ್ಯಾಯಾಲಯಗಳ ಸಂಖ್ಯೆ 600ನ್ನು ದಾಟಿದೆ. ಇವುಗಳಿಗೆ ನೆರವು ನೀಡಲು ಅಲ್ಲಿನ ಸಂಸತ್ತು ಅಂಗೀಕರಿಸಿದ ಕಾಯ್ದೆಗೆ 2020ರ ಆಗಸ್ಟ್‌ನಲ್ಲಿ ಅಧ್ಯಕ್ಷರ ಸಹಿ ಬಿದ್ದಿತು. ಎರಡೂ ಪಕ್ಷಗಳು ಒಪ್ಪುವ ವಿಷಯಗಳೇ ವಿರಳವಾಗಿರುವ ಆ ದೇಶದಲ್ಲಿ ಈ ವಿಷಯಕ್ಕೆ ಮಾತ್ರ ಸಾರ್ವತ್ರಿಕ ಬೆಂಬಲವಿದೆ. ಆದರೆ ಇಷ್ಟು ಮೆಚ್ಚುಗೆ ಪಡೆದ ವ್ಯವಸ್ಥೆಯೊಂದು ಯಾರನ್ನು ಒಳಗೆ ಬಿಟ್ಟುಕೊಳ್ಳುತ್ತದೆ, ಯಾರನ್ನು ಹೊಸ್ತಿಲಲ್ಲೇ ತಡೆದು ನಿಲ್ಲಿಸುತ್ತದೆ ಎಂಬ ಪ್ರಶ್ನೆಯನ್ನು ಕೇಳಿದವರು ಕಡಿಮೆ. ಈ ನ್ಯಾಯಾಲಯಗಳ ಯೋಗ್ಯತೆಯನ್ನು ಅಳೆಯಬೇಕಾದದ್ದು ಆ ಹೊಸ್ತಿಲ ಬಳಿಯೇ ಎಂಬುದು ನನ್ನ ಅಭಿಪ್ರಾಯ.

ಸಂಖ್ಯೆಗಳು ಹೇಳುವುದು

ಅಮೆರಿಕದ ನ್ಯಾಯಾಂಗ ಅಂಕಿಅಂಶಗಳ ಬ್ಯೂರೋ 2011–12ರಲ್ಲಿ ನಡೆಸಿದ ಸಮೀಕ್ಷೆಯ ಪ್ರಕಾರ ಆ ದೇಶದ ಜೈಲುಗಳಲ್ಲಿ ಸುಮಾರು 1,81,500 ಮಾಜಿ ಸೈನಿಕರಿದ್ದರು. ಒಟ್ಟು ಕೈದಿಗಳಲ್ಲಿ ಅವರ ಪಾಲು ಶೇ 8. ವಿಯೆಟ್ನಾಂ ಯುದ್ಧ ಮುಗಿದು ಮೂರು ವರ್ಷವಾಗಿದ್ದ 1978ರಲ್ಲಿ ಈ ಪಾಲು ಶೇ 24ರಷ್ಟಿತ್ತು. ಇಳಿಕೆ ದೊಡ್ಡದಾಗಿ ಕಂಡರೂ ಅದಕ್ಕೆ ಮುಖ್ಯ ಕಾರಣ ಕಡ್ಡಾಯ ಸೇನಾ ಭರ್ತಿ ನಿಂತು ಹೋದದ್ದು ಮತ್ತು ಇಡೀ ಜನಸಂಖ್ಯೆಯಲ್ಲೇ ಮಾಜಿ ಸೈನಿಕರ ಪ್ರಮಾಣ ತಗ್ಗಿದ್ದು. ಅದೇ ಸಮೀಕ್ಷೆ ಹೇಳುವ ಇನ್ನಷ್ಟು ಸಂಗತಿಗಳು ಹೆಚ್ಚು ಗಮನಾರ್ಹ. ಜೈಲಿನಲ್ಲಿದ್ದ ಮಾಜಿ ಸೈನಿಕರಲ್ಲಿ ಶೇ 77ರಷ್ಟು ಮಂದಿ ಗೌರವಯುತವಾಗಿಯೋ, ಗೌರವಕ್ಕೆ ಸಮನಾದ ಷರತ್ತಿನ ಮೇಲೆಯೋ ಸೇನೆಯಿಂದ ಬಿಡುಗಡೆ ಹೊಂದಿದವರು. ಶಿಕ್ಷೆ ಅನುಭವಿಸುತ್ತಿದ್ದವರಲ್ಲಿ ನಾಲ್ಕು ಅಥವಾ ಅದಕ್ಕಿಂತ ಹೆಚ್ಚು ಬಾರಿ ಬಂಧನಕ್ಕೊಳಗಾದವರು ಮಾಜಿ ಸೈನಿಕರಲ್ಲಿ ಶೇ 43 ಇದ್ದರೆ ಇತರರಲ್ಲಿ ಶೇ 55. ಅಂದರೆ ಇವರು ಹೋಲಿಕೆಯಲ್ಲಿ ಹಳೆಯ ಅಪರಾಧಿಗಳಲ್ಲ. ಆದರೆ ಹಿಂಸಾತ್ಮಕ ಅಪರಾಧಕ್ಕೆ ಶಿಕ್ಷೆಯಾದವರ ಪ್ರಮಾಣ ಇತರರಲ್ಲಿ ಶೇ 48 ಇದ್ದರೆ ಮಾಜಿ ಸೈನಿಕರಲ್ಲಿ ಶೇ 64. ಮಾನಸಿಕ ಕಾಯಿಲೆ ಇದೆ ಎಂದು ವೈದ್ಯರಿಂದ ತಿಳಿದುಕೊಂಡಿದ್ದವರು, ಶಿಕ್ಷಾಬಂದಿಗಳ ಕಾರಾಗೃಹಗಳಲ್ಲಿದ್ದ ಮಾಜಿ ಸೈನಿಕರಲ್ಲಿ ಹತ್ತಿರಹತ್ತಿರ ಅರ್ಧದಷ್ಟಿದ್ದರು. ಕಾಳಗವನ್ನು ಕಂಡು ಬಂದವರಲ್ಲಂತೂ ಶೇ 60.

ಮಾಜಿ ರಕ್ಷಣಾ ಸಚಿವ ಚಕ್ ಹೇಗಲ್ ಅವರ ಅಧ್ಯಕ್ಷತೆಯಲ್ಲಿ 2022ರಲ್ಲಿ ರಚನೆಯಾದ ವೆಟರನ್ಸ್ ಜಸ್ಟಿಸ್ ಕಮಿಷನ್ ಜೈಲಿನಿಂದಾಚೆಗಿನ ಚಿತ್ರವನ್ನೂ ಮುಂದಿಟ್ಟಿತು. ಬದುಕಿನಲ್ಲಿ ಒಮ್ಮೆಯಾದರೂ ಬಂಧನಕ್ಕೊಳಗಾಗಿದ್ದೇವೆ ಎಂದು ಹೇಳಿಕೊಂಡವರು ಮಾಜಿ ಸೈನಿಕರಲ್ಲಿ ಸುಮಾರು ಮೂರರಲ್ಲೊಬ್ಬರು. ಸೇನೆಗೆ ಸೇರದವರಲ್ಲಿ ಐವರಲ್ಲಿ ಒಬ್ಬರಿಗಿಂತಲೂ ಕಡಿಮೆ.

ಇದಕ್ಕೆಲ್ಲ ಯುದ್ಧವೇ ಕಾರಣ ಎಂದು ಬರೆದುಬಿಡುವುದು ಸುಲಭ, ಆದರೆ ಅದು ಪೂರ್ತಿ ಸರಿಯಲ್ಲ. ಬ್ರಿಟನ್ನಿನ 13,856 ಸೈನಿಕರ ದಾಖಲೆಗಳನ್ನು ಪೊಲೀಸ್ ದಾಖಲೆಗಳೊಂದಿಗೆ ಜೋಡಿಸಿ ನೋಡಿದ ಅಧ್ಯಯನವೊಂದು 2013ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಇರಾಕ್ ಅಥವಾ ಅಫ್ಘಾನಿಸ್ತಾನಕ್ಕೆ ನಿಯೋಜನೆಗೊಂಡಿದ್ದಷ್ಟೇ ಹಿಂಸಾತ್ಮಕ ಅಪರಾಧದ ಸಾಧ್ಯತೆಯನ್ನು ಹೆಚ್ಚಿಸಲಿಲ್ಲ ಎಂಬುದು ಅದರ ಒಂದು ತೀರ್ಮಾನ. ಮುಂಚೂಣಿಯ ಹೋರಾಟದಲ್ಲಿ ಪಾಲ್ಗೊಂಡದ್ದು, ಮರಳಿ ಬಂದ ಮೇಲಿನ ಅತಿಯಾದ ಕುಡಿತ, ಆಘಾತೋತ್ತರ ಒತ್ತಡದ ಕಾಯಿಲೆ ಅಂದರೆ ಪಿಟಿಎಸ್‌ಡಿ, ಅದರಲ್ಲೂ ಸದಾ ಎಚ್ಚರದಲ್ಲೇ ಇರುವ ಅದರ ಲಕ್ಷಣ, ಇವು ಹೆಚ್ಚಿಸಿದವು. ಸೇನೆಗೆ ಸೇರುವ ಮುನ್ನವೇ ಹಿಂಸೆಯ ಹಿನ್ನೆಲೆ ಇದ್ದವರಲ್ಲಿ ಅಪಾಯ ಇನ್ನೂ ಹೆಚ್ಚಿತ್ತು. ಕಷ್ಟದ ಬಾಲ್ಯದಿಂದ ತಪ್ಪಿಸಿಕೊಳ್ಳಲು ಸೇನೆಗೆ ಸೇರಿದ ಹುಡುಗ, ಅಲ್ಲಿ ಮತ್ತೊಂದು ಗಾಯ ಹೊತ್ತು, ಆ ಗಾಯಕ್ಕೆ ಮದ್ಯವನ್ನೇ ಮದ್ದು ಮಾಡಿಕೊಂಡಾಗ ಪೊಲೀಸ್ ಠಾಣೆಯ ದಾರಿ ಹತ್ತಿರವಾಗುತ್ತದೆ ಎಂದು ಇದನ್ನು ಅರ್ಥ ಮಾಡಿಕೊಳ್ಳಬಹುದು. ಬಾಂಬ್ ಸ್ಫೋಟದ ಅಲೆಗೆ ಸಿಕ್ಕು ಮೆದುಳಿಗೆ ಆದ ಪೆಟ್ಟು ಹೊರಗೆ ಕಾಣಿಸುವುದಿಲ್ಲ. ಸಿಟ್ಟು ತಡೆಯಲಾಗದಿರುವುದು, ಮರೆವು, ದುಡುಕು ಎಂಬ ರೂಪಗಳಲ್ಲಿ ಅದು ಮನೆಯವರಿಗೆ ಕಾಣಿಸುತ್ತದೆ. ಮನೆಯವರು ಅದನ್ನು ಸ್ವಭಾವ ಎಂದುಕೊಳ್ಳುತ್ತಾರೆ, ಪೊಲೀಸರು ಅಪರಾಧ ಎಂದು ದಾಖಲಿಸುತ್ತಾರೆ. ಪಿಟಿಎಸ್‌ಡಿ ಎಂಬ ಹೆಸರು ಅಮೆರಿಕದ ಮನೋವೈದ್ಯರ ಅಧಿಕೃತ ಕೈಪಿಡಿಗೆ ಸೇರಿದ್ದೇ 1980ರಲ್ಲಿ. ವಿಯೆಟ್ನಾಂನಿಂದ ಮರಳಿದವರು ಅದಕ್ಕೂ ಮೊದಲಿನ ವರ್ಷಗಳನ್ನು ಹೆಸರೇ ಇಲ್ಲದ ಕಾಯಿಲೆಯೊಂದಿಗೆ ಕಳೆದರು.

ಕಲಾಪದ ಒಳಗೆ

ಸಾಮಾನ್ಯ ಕ್ರಿಮಿನಲ್ ನ್ಯಾಯಾಲಯದಲ್ಲಿ ಸರ್ಕಾರಿ ವಕೀಲರು ಒಂದು ಕಡೆ, ಆರೋಪಿಯ ವಕೀಲರು ಇನ್ನೊಂದು ಕಡೆ. ಇಲ್ಲಿ ಕಲಾಪಕ್ಕೆ ಮೊದಲೇ ಅವರಿಬ್ಬರೂ, ನ್ಯಾಯಾಧೀಶರೂ, ಪ್ರೊಬೇಷನ್ ಅಧಿಕಾರಿಯೂ, ಚಿಕಿತ್ಸಾ ಸಿಬ್ಬಂದಿಯೂ ಒಟ್ಟಿಗೆ ಕುಳಿತು ಆ ದಿನ ಬರುವ ಪ್ರತಿಯೊಬ್ಬನ ಪ್ರಗತಿಯನ್ನು ಚರ್ಚಿಸುತ್ತಾರೆ. ಮೂತ್ರ ಪರೀಕ್ಷೆಯ ಫಲಿತಾಂಶ, ಆಸ್ಪತ್ರೆಗೆ ಹೋದ ದಿನಗಳು, ತಪ್ಪಿಸಿದ ದಿನಗಳು, ಮನೆ ಬಾಡಿಗೆಯ ತೊಂದರೆ, ಹೆಂಡತಿಯೊಂದಿಗಿನ ಜಗಳ, ಎಲ್ಲವೂ ಆ ಮೇಜಿನ ಮೇಲೆ ಬರುತ್ತವೆ. ಆಮೇಲೆ ಹೆಸರು ಕೂಗಿದಾಗ ಮಾಜಿ ಸೈನಿಕ ಎದ್ದು ನ್ಯಾಯಾಧೀಶರ ಮುಂದೆ ನಿಲ್ಲುತ್ತಾನೆ, ನ್ಯಾಯಾಧೀಶರು ಅವನೊಂದಿಗೇ ನೇರವಾಗಿ ಮಾತಾಡುತ್ತಾರೆ. ಚೆನ್ನಾಗಿ ನಡೆದಿದ್ದರೆ ನ್ಯಾಯಾಲಯದಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟುತ್ತಾರೆ. ತಪ್ಪಿದರೆ ಹೆಚ್ಚುವರಿ ಹಾಜರಾತಿ, ಸಮುದಾಯ ಸೇವೆ, ಕೆಲವೊಮ್ಮೆ ಒಂದೆರಡು ದಿನದ ಜೈಲು. ಒಂದರಿಂದ ಎರಡು ವರ್ಷದವರೆಗೆ ಹಂತ ಹಂತವಾಗಿ ನಡೆಯುವ ಈ ಕ್ರಮ ಮುಗಿದ ಮೇಲೆ ಆರೋಪ ರದ್ದಾಗುವುದೋ, ಕಡಿಮೆಯಾಗುವುದೋ, ಜೈಲುಶಿಕ್ಷೆ ತಪ್ಪುವುದೋ ಆಯಾ ರಾಜ್ಯದ ಕಾನೂನು ಮತ್ತು ಮೊದಲು ಆಗಿದ್ದ ಒಪ್ಪಂದದ ಮೇಲೆ ನಿಂತಿದೆ.

ವ್ಯಸನಿಗಳ ನ್ಯಾಯಾಲಯಗಳಲ್ಲೂ ಇಷ್ಟೆಲ್ಲ ಇದೆ. ಮಾಜಿ ಸೈನಿಕರ ನ್ಯಾಯಾಲಯವನ್ನು ಬೇರೆಯಾಗಿಸುವುದು ಎರಡು ಸಂಗತಿ. ಮೊದಲನೆಯದು, ಮಾಜಿ ಸೈನಿಕರ ವ್ಯವಹಾರಗಳ ಇಲಾಖೆಯ, ಅಂದರೆ ಎಲ್ಲರೂ ವಿಎ ಎಂದು ಕರೆಯುವ ಇಲಾಖೆಯ ಸಿಬ್ಬಂದಿ ನ್ಯಾಯಾಲಯದ ಕೋಣೆಯಲ್ಲೇ ಇರುತ್ತಾರೆ. 2009ರಲ್ಲಿ ಶುರುವಾದ ವೆಟರನ್ಸ್ ಜಸ್ಟಿಸ್ ಔಟ್‌ರೀಚ್ ಎಂಬ ಕಾರ್ಯಕ್ರಮದಡಿ ಇಲಾಖೆಯ ಸಮಾಜ ಕಾರ್ಯಕರ್ತರು ಜೈಲು, ಠಾಣೆ, ನ್ಯಾಯಾಲಯಗಳಿಗೆ ತಾವಾಗಿಯೇ ಹೋಗುತ್ತಾರೆ. ಬಫಲೋದಲ್ಲಿ ಇಲಾಖೆಯವರು ಲ್ಯಾಪ್‌ಟಾಪ್ ತೆರೆದಿಟ್ಟುಕೊಂಡು ಕುಳಿತಿರುತ್ತಿದ್ದರು; ಕಟಕಟೆಯಲ್ಲಿದ್ದವನಿಗೆ ಯಾವ ಸವಲತ್ತು ಸಲ್ಲುತ್ತದೆ, ಮುಂದಿನ ವೈದ್ಯಕೀಯ ಭೇಟಿ ಯಾವಾಗ ಎಂಬುದನ್ನು ಅಲ್ಲೇ ನೋಡಿ ಹೇಳುತ್ತಿದ್ದರು. ಅರ್ಜಿ ಹಿಡಿದು ಕಚೇರಿಯಿಂದ ಕಚೇರಿಗೆ ಅಲೆಯುವ ಶಕ್ತಿ ಇಲ್ಲದ ಮನುಷ್ಯನಿಗೆ ಇದು ಸಣ್ಣ ಅನುಕೂಲವಲ್ಲ. ನ್ಯಾಯಾಲಯದ ವೆಚ್ಚದ ದೃಷ್ಟಿಯಿಂದಲೂ ಇದಕ್ಕೆ ಮಹತ್ವವಿದೆ: ಚಿಕಿತ್ಸೆಯ ಖರ್ಚನ್ನು ಸ್ಥಳೀಯ ಆಡಳಿತದ ಬದಲು ಕೇಂದ್ರ ಸರ್ಕಾರವೇ ಭರಿಸುತ್ತದೆ.

ಎರಡನೆಯದು ಮೆಂಟರ್. ಮೆಂಟರ್ ಎಂದರೆ ಆರೋಪಿಯ ಜೊತೆ ನಿಲ್ಲಲು ಸ್ವಯಂಪ್ರೇರಣೆಯಿಂದ ಬರುವ ಇನ್ನೊಬ್ಬ ಮಾಜಿ ಸೈನಿಕ. ಸಾಧ್ಯವಾದಷ್ಟೂ ಅದೇ ಪಡೆಯವರನ್ನು, ಅದೇ ಕಾಲದ ಯುದ್ಧ ಕಂಡವರನ್ನು ಜೋಡಿಸಲಾಗುತ್ತದೆ. ಮೆಂಟರ್ ವಕೀಲನೂ ಅಲ್ಲ, ಆಪ್ತಸಮಾಲೋಚಕನೂ ಅಲ್ಲ, ಆರೋಪಿಯ ಮೇಲೆ ಕಣ್ಣಿಡಲು ನೇಮಕವಾದವನೂ ಅಲ್ಲ. ರಾತ್ರಿ ಹೊತ್ತು ಫೋನು ಮಾಡಿದರೆ ಎತ್ತುವುದು, ಆಸ್ಪತ್ರೆಗೆ ಗಾಡಿಯಲ್ಲಿ ಬಿಡುವುದು, ಕೆಲಸ ಹುಡುಕಲು ಜೊತೆಗೆ ಹೋಗುವುದು ಅವನ ಕೆಲಸ. ಸೇನೆಯಿಂದ ಹೊರಬಂದವನು ಸಂಬಳವನ್ನಷ್ಟೇ ಕಳೆದುಕೊಂಡಿರುವುದಿಲ್ಲ. ಬೆಳಿಗ್ಗೆ ಎಷ್ಟು ಗಂಟೆಗೆ ಏಳಬೇಕು, ಯಾರ ಮಾತು ಕೇಳಬೇಕು, ತನ್ನ ಬೆನ್ನಿಗೆ ಯಾರಿದ್ದಾರೆ ಎಂಬ ಮೂರೂ ಪ್ರಶ್ನೆಗಳಿಗೆ ಅಲ್ಲಿದ್ದ ಸಿದ್ಧ ಉತ್ತರಗಳನ್ನೂ ಕಳೆದುಕೊಂಡಿರುತ್ತಾನೆ. ಈ ನ್ಯಾಯಾಲಯ ಆ ಮೂರನ್ನೂ ಸ್ವಲ್ಪ ಕಾಲಕ್ಕೆ ಮರಳಿಸುತ್ತದೆ: ನಿಗದಿಯಾದ ದಿನಚರಿ, ಗೌರವದಿಂದ ಮಾತಾಡಿಸುವ ಒಬ್ಬ ಮೇಲಧಿಕಾರಿ, ಪಕ್ಕದಲ್ಲೊಬ್ಬ ಸಂಗಾತಿ. ಈ ನ್ಯಾಯಾಲಯಗಳನ್ನು ಕರುಣೆಯ ನ್ಯಾಯಾಲಯಗಳೆಂದು ಕರೆಯುವವರು ಇಲ್ಲಿನ ಕಟ್ಟುನಿಟ್ಟನ್ನು ಗಮನಿಸಿಲ್ಲ. ಸಣ್ಣ ಅಪರಾಧಕ್ಕೆ ಮೂವತ್ತು ದಿನ ಜೈಲಿನಲ್ಲಿದ್ದು ಹೊರಬರುವುದು ಎಷ್ಟೋ ಜನರಿಗೆ ಇದಕ್ಕಿಂತ ಸಲೀಸು, ಮತ್ತು ಅದನ್ನೇ ಆರಿಸಿಕೊಳ್ಳುವವರೂ ಇದ್ದಾರೆ.

ಹೊಸ್ತಿಲಲ್ಲಿ ಉಳಿದವರು

ಪ್ರವೇಶದ ನಿಯಮಗಳನ್ನು ಆಯಾ ನ್ಯಾಯಾಲಯ ಅಥವಾ ಆಯಾ ರಾಜ್ಯ ಗೊತ್ತುಮಾಡುತ್ತದೆ. ಒಂದು ಕೌಂಟಿಯಲ್ಲಿ, ಅಂದರೆ ಅಲ್ಲಿನ ಜಿಲ್ಲೆಯಲ್ಲಿ, ಇಂಥ ನ್ಯಾಯಾಲಯವಿದ್ದು ಪಕ್ಕದ ಕೌಂಟಿಯಲ್ಲಿ ಇಲ್ಲದಿರಬಹುದು. ಒಂದೇ ತಪ್ಪಿಗೆ ಇಲ್ಲಿ ಚಿಕಿತ್ಸೆ, ಹತ್ತು ಮೈಲಿ ಆಚೆ ಜೈಲು. ಹಲವೆಡೆ ಮೊದಲು ತಪ್ಪೊಪ್ಪಿಕೊಳ್ಳಬೇಕು, ಆಮೇಲಷ್ಟೇ ಪ್ರವೇಶ. ಕಾರ್ಯಕ್ರಮವನ್ನು ಪೂರೈಸಲಾಗದೆ ಅರ್ಧಕ್ಕೇ ಹೊರಬಿದ್ದವನು ವಿಚಾರಣೆಯ ಹಕ್ಕನ್ನೂ ಬಿಟ್ಟುಕೊಟ್ಟಿರುತ್ತಾನೆ, ಒಪ್ಪಿಕೊಂಡ ತಪ್ಪಿಗೆ ಶಿಕ್ಷೆಯನ್ನೂ ಅನುಭವಿಸುತ್ತಾನೆ. ಕಾಯಿಲೆ ಹೆಚ್ಚಿದ್ದಷ್ಟೂ ಅರ್ಧಕ್ಕೆ ಬೀಳುವ ಸಂಭವ ಹೆಚ್ಚು ಎಂಬುದನ್ನು ನೆನೆದರೆ ಈ ನಿಯಮದ ಕ್ರೌರ್ಯ ಅರ್ಥವಾಗುತ್ತದೆ.

ಇದಕ್ಕಿಂತ ದೊಡ್ಡ ತಡೆ ಬಿಡುಗಡೆ ಪತ್ರ. ಅಮೆರಿಕದ ಸೇನೆ ಒಬ್ಬನನ್ನು ಕಳಿಸಿಕೊಡುವಾಗ ಆತನ ಸೇವೆ ಹೇಗಿತ್ತು ಎಂಬ ಷರಾವನ್ನು ಬರೆದು ಕೊಡುತ್ತದೆ. ಗೌರವಯುತ ಎಂಬ ಷರಾ ಇದ್ದವನಿಗೆ ವಿಎ ಆಸ್ಪತ್ರೆ, ಪಿಂಚಣಿ, ವಿದ್ಯಾಭ್ಯಾಸದ ನೆರವು ಎಲ್ಲವೂ ಉಂಟು. ಗೌರವಯುತವಲ್ಲದ ಷರಾ ಬಿದ್ದವನಿಗೆ ಇವುಗಳ ಬಾಗಿಲು ಮುಚ್ಚುವ ಸಾಧ್ಯತೆ ಹೆಚ್ಚು. ಬಳಕೆಯ ಮಾತಿನಲ್ಲಿ ಇದಕ್ಕೆ ಬ್ಯಾಡ್ ಪೇಪರ್ ಎನ್ನುತ್ತಾರೆ. ಚಿಕಿತ್ಸೆಯ ಖರ್ಚನ್ನು ವಿಎ ಮೇಲೆ ಹೊರಿಸಿರುವ ನ್ಯಾಯಾಲಯ, ವಿಎ ಒಪ್ಪದವನನ್ನು ತಾನೂ ಒಪ್ಪುವುದಿಲ್ಲ ಎಂದರೆ ಆಶ್ಚರ್ಯವಿಲ್ಲ; ಅನೇಕ ನ್ಯಾಯಾಲಯಗಳು ಹಾಗೆಯೇ ಮಾಡುತ್ತವೆ.

ಈ ಕೆಟ್ಟ ಷರಾ ಯಾರಿಗೆ ಬೀಳುತ್ತದೆ? ಅಮೆರಿಕ ಸರ್ಕಾರದ ಲೆಕ್ಕಪರಿಶೋಧನಾ ಸಂಸ್ಥೆ 2017ರ ಮೇ ತಿಂಗಳಲ್ಲಿ ಕೊಟ್ಟ ವರದಿಯಲ್ಲಿ ಉತ್ತರವಿದೆ. 2011ರಿಂದ 2015ರವರೆಗಿನ ಅವಧಿಯಲ್ಲಿ ದುರ್ನಡತೆಯ ಕಾರಣ ಕೊಟ್ಟು ಸೇನೆಯಿಂದ ಹೊರಹಾಕಲಾದ 91,764 ಮಂದಿಯಲ್ಲಿ ಶೇ 62ರಷ್ಟು ಜನರಿಗೆ, ಹೊರಹಾಕುವುದಕ್ಕೆ ಹಿಂದಿನ ಎರಡು ವರ್ಷಗಳಲ್ಲಿ ಪಿಟಿಎಸ್‌ಡಿ, ಮೆದುಳಿನ ಪೆಟ್ಟು ಅಥವಾ ದುರ್ನಡತೆಗೆ ಕಾರಣವಾಗಬಲ್ಲ ಬೇರೆ ಯಾವುದಾದರೂ ಮಾನಸಿಕ ತೊಂದರೆ, ವ್ಯಸನ ಇದೆಯೆಂದು ವೈದ್ಯರು ಬರೆದಿದ್ದರು. ಅವರಲ್ಲಿ ಶೇ 23 ಮಂದಿಗೆ, ಅಂದರೆ 13,283 ಜನರಿಗೆ ಗೌರವಯುತವಲ್ಲದ ಬಿಡುಗಡೆ ಸಿಕ್ಕಿತು. ಈ ಅಂಕಿಗಳ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು. ಸೇನೆಯಲ್ಲಿದ್ದಾಗಲೇ ಕಾಯಿಲೆ ಪತ್ತೆಯಾಗಿದೆ. ಆ ಕಾಯಿಲೆಯ ಲಕ್ಷಣವೇ ಆಗಿರಬಹುದಾದ ಕುಡಿತ, ಗೈರುಹಾಜರಿ, ಹೊಡೆದಾಟವನ್ನು ಅಶಿಸ್ತು ಎಂದು ದಾಖಲಿಸಿ ಹೊರಗೆ ಕಳಿಸಲಾಗಿದೆ. ಹೊರಗೆ ಬಂದ ಮೇಲೆ ಅದೇ ಅಶಿಸ್ತಿನ ಷರಾ ಮುಂದಿಟ್ಟು ಚಿಕಿತ್ಸೆಯನ್ನು ನಿರಾಕರಿಸಲಾಗಿದೆ. ಚಿಕಿತ್ಸೆ ಸಿಗದೆ ಕಾಯಿಲೆ ಉಲ್ಬಣಿಸಿ ಆತ ಬಂಧನಕ್ಕೊಳಗಾದಾಗ, ಇಂಥವರಿಗೆಂದೇ ಕಟ್ಟಿದ ನ್ಯಾಯಾಲಯಕ್ಕೂ ಅದೇ ಕಾಗದ ಅಡ್ಡ ಬರುತ್ತದೆ.

ಹಾರ್ವರ್ಡ್ ಕಾನೂನು ಶಾಲೆಯ ಮಾಜಿ ಸೈನಿಕರ ಕಾನೂನು ನೆರವು ಕೇಂದ್ರ 2016ರಲ್ಲಿ ಸಿದ್ಧಪಡಿಸಿದ ವರದಿಯ ಲೆಕ್ಕದಂತೆ ವಿಎ ವ್ಯವಸ್ಥೆಯಿಂದ ಹೊರಗುಳಿದವರ ಪ್ರಮಾಣ ಎರಡನೆಯ ಮಹಾಯುದ್ಧದ ಕಾಲದವರಲ್ಲಿ ಶೇ 1.7, ವಿಯೆಟ್ನಾಂ ಕಾಲದವರಲ್ಲಿ ಶೇ 2.8, 2001ರ ನಂತರ ಸೇವೆ ಸಲ್ಲಿಸಿದವರಲ್ಲಿ ಶೇ 6.5. ಸೈನಿಕರಿಗೆ ಗೌರವ ಸಲ್ಲಿಸುವ ಸಮಾರಂಭಗಳು ಹೆಚ್ಚಿದ ಕಾಲದಲ್ಲೇ ಹೊರಗಿಟ್ಟವರ ಪ್ರಮಾಣವೂ ಹೆಚ್ಚಿದೆ.

ಸರಿಪಡಿಸುವ ಪ್ರಯತ್ನಗಳು ನಡೆಯದೇ ಇಲ್ಲ. ವಿಯೆಟ್ನಾಂನಲ್ಲಿ ಸಾರ್ಜೆಂಟ್ ಆಗಿ ಎರಡು ಬಾರಿ ಗಾಯಗೊಂಡಿದ್ದ ಹೇಗಲ್ ಅವರು ರಕ್ಷಣಾ ಸಚಿವರಾಗಿದ್ದಾಗ, 2014ರ ಸೆಪ್ಟೆಂಬರಿನಲ್ಲಿ, ಪಿಟಿಎಸ್‌ಡಿ ಕಾರಣ ಮುಂದಿಟ್ಟು ಷರಾ ಬದಲಾವಣೆ ಕೋರುವವರ ಅರ್ಜಿಗಳನ್ನು ಉದಾರವಾಗಿ ಪರಿಶೀಲಿಸಬೇಕೆಂದು ಆದೇಶಿಸಿದರು. ಇಂಥ ಷರಾ ಇದ್ದ ಯುದ್ಧಯೋಧರಿಗೂ ಮಾನಸಿಕ ಚಿಕಿತ್ಸೆ ಕೊಡಬೇಕೆಂಬ ಕಾಯ್ದೆ 2018ರಲ್ಲಿ ಬಂತು. 2024ರ ಜೂನ್‌ನಿಂದ ಜಾರಿಗೆ ಬಂದ ವಿಎ ನಿಯಮವು, ತಪ್ಪಿನ ಹಿಂದಿದ್ದ ಅನಿವಾರ್ಯ ಸನ್ನಿವೇಶಗಳನ್ನು ಪರಿಗಣಿಸಿ ಸವಲತ್ತು ಕೊಡಲು ಅವಕಾಶ ಮಾಡಿತು. ಇವೆಲ್ಲ ಸರಿಯಾದ ಹೆಜ್ಜೆಗಳೇ. ಆದರೆ ಅರ್ಜಿ ಹಾಕಿ, ದಾಖಲೆ ಕೂಡಿಸಿ, ತಿಂಗಳುಗಟ್ಟಲೆ ಕಾಯುವ ಈ ದಾರಿ, ನಿನ್ನೆ ರಾತ್ರಿ ಬಂಧನವಾಗಿ ಇಂದು ಬೆಳಿಗ್ಗೆ ನ್ಯಾಯಾಧೀಶರ ಮುಂದೆ ನಿಂತವನ ನೆರವಿಗೆ ಬರುವುದಿಲ್ಲ.

ಮೂರನೆಯ ತಡೆ ಅಪರಾಧದ ಸ್ವರೂಪ. ಹಿಂಸಾತ್ಮಕ ಆರೋಪ ಇದ್ದವರನ್ನು ಬಹಳಷ್ಟು ನ್ಯಾಯಾಲಯಗಳು ಒಳಗೆ ಬಿಡುವುದಿಲ್ಲ, ಇಲ್ಲವೇ ಸರ್ಕಾರಿ ವಕೀಲರ ಒಪ್ಪಿಗೆಗೆ ಬಿಡುತ್ತವೆ. ಶಿಕ್ಷೆ ಅನುಭವಿಸುತ್ತಿರುವ ಮಾಜಿ ಸೈನಿಕರಲ್ಲಿ ಶೇ 64 ಮಂದಿ ಹಿಂಸಾತ್ಮಕ ಅಪರಾಧದವರು ಎಂಬ ಅಂಕಿಯನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ, ವ್ಯವಸ್ಥೆ ತನ್ನ ಮುಖ್ಯ ಸಮಸ್ಯೆಯನ್ನು ಬದಿಗಿಟ್ಟು ಅದರ ಅಂಚನ್ನಷ್ಟೇ ಮುಟ್ಟುತ್ತಿದೆ ಎನಿಸುತ್ತದೆ. ಹಾಗೆಂದು ಈ ತಡೆಯನ್ನು ಕಣ್ಣುಮುಚ್ಚಿ ತೆಗೆದುಹಾಕುವಂತಿಲ್ಲ. ಅಪರಾಧ ಮನೆಯೊಳಗಿನದಾದಾಗ ಪೆಟ್ಟು ತಿಂದವಳು ಆತನ ಹೆಂಡತಿಯೋ ಸಂಗಾತಿಯೋ ಆಗಿರುತ್ತಾಳೆ. ಗಂಡನ ಯುದ್ಧದ ಗಾಯಕ್ಕೆ ನ್ಯಾಯಾಲಯ ತೋರುವ ಸಹಾನುಭೂತಿ ಹೆಂಡತಿಯ ಸುರಕ್ಷತೆಯನ್ನು ಕಡೆಗಣಿಸಿ ಬಂದರೆ ಅದನ್ನು ನ್ಯಾಯ ಎನ್ನಲಾಗದು. ಮಹಿಳಾ ಸಂಘಟನೆಗಳು ಈ ಆತಂಕವನ್ನು ಎತ್ತಿದ್ದು ಸರಿಯೇ. ಇಂಥ ಪ್ರಕರಣಗಳನ್ನು ತೆಗೆದುಕೊಳ್ಳುವ ನ್ಯಾಯಾಲಯಗಳು ಸಾಮಾನ್ಯ ಪಿಟಿಎಸ್‌ಡಿ ಚಿಕಿತ್ಸೆಯಷ್ಟಕ್ಕೇ ನಿಲ್ಲುವಂತಿಲ್ಲ. ಸಂಗಾತಿಯ ಮೇಲಿನ ಹಿಂಸೆಯನ್ನು ತಡೆಯಲೆಂದೇ ವಿಎ ರೂಪಿಸಿ ಹಲವು ಆಸ್ಪತ್ರೆಗಳಲ್ಲಿ ನಡೆಸುತ್ತಿರುವ ಸ್ಟ್ರೆಂತ್ ಅಟ್ ಹೋಮ್ ಎಂಬ ಕಾರ್ಯಕ್ರಮದಂಥದ್ದು ಬೇಕು. ಪೆಟ್ಟು ತಿಂದವಳ ಮಾತನ್ನು ಪ್ರತಿ ಹಂತದಲ್ಲೂ ಕೇಳುವ ಏರ್ಪಾಡೂ ಬೇಕು. ಆರೋಪದ ಶೀರ್ಷಿಕೆ ನೋಡಿ ಬಾಗಿಲು ಹಾಕುವ ಬದಲು, ಗಾಯಕ್ಕೂ ಅಪರಾಧಕ್ಕೂ ಸಂಬಂಧವಿದೆಯೇ, ಮುಂದಿನ ಅಪಾಯ ಎಷ್ಟು ಎಂದು ಒಬ್ಬೊಬ್ಬರ ವಿಷಯದಲ್ಲೂ ಪರಿಶೀಲಿಸುವುದು ಕಷ್ಟದ ದಾರಿ, ಆದರೆ ಸರಿಯಾದ ದಾರಿ.

ಸಮಾನತೆಯ ಪ್ರಶ್ನೆ, ಫಲಿತಾಂಶದ ಪ್ರಶ್ನೆ

ಒಂದೇ ತಪ್ಪು ಮಾಡಿದ ಇಬ್ಬರಲ್ಲಿ ಒಬ್ಬ ಸಮವಸ್ತ್ರ ತೊಟ್ಟಿದ್ದ ಎಂಬ ಕಾರಣಕ್ಕೆ ಬೇರೆ ದಾರಿ ತೋರಿಸುವುದು ಸರಿಯೇ ಎಂದು ಅಮೆರಿಕದ ನಾಗರಿಕ ಹಕ್ಕುಗಳ ಒಕ್ಕೂಟದ ನೆವಾಡಾ ಶಾಖೆ 2009ರಲ್ಲೇ ಕೇಳಿತ್ತು. ಇದು ತಳ್ಳಿಹಾಕುವ ಪ್ರಶ್ನೆಯಲ್ಲ. ಬಡಾವಣೆಯ ಗುಂಡಿನ ಕಾಳಗಗಳ ನಡುವೆ ಬೆಳೆದ ಹುಡುಗನಿಗೂ ಪಿಟಿಎಸ್‌ಡಿ ಬರುತ್ತದೆ. ನನಗೆ ಒಪ್ಪಿಗೆಯಾಗುವ ಉತ್ತರ ಇಷ್ಟು: ಗಾಯ ಆದದ್ದು ಸರ್ಕಾರ ಕಳಿಸಿದ ಜಾಗದಲ್ಲಿ, ಸರ್ಕಾರ ಒಪ್ಪಿಸಿದ ಕೆಲಸದಲ್ಲಿ. ಆ ಗಾಯದ ಹೊಣೆಯಲ್ಲಿ ಸರ್ಕಾರಕ್ಕೆ ಪಾಲಿದ್ದಾಗ ಶಿಕ್ಷಿಸುವ ಹಕ್ಕನ್ನು ಅದು ಚಲಾಯಿಸುವ ರೀತಿಯೂ ಬೇರೆಯಾಗಬೇಕು. ಅಮೆರಿಕದ ಸುಪ್ರೀಂ ಕೋರ್ಟ್ 2009ರ ನವೆಂಬರಿನಲ್ಲಿ ಪೋರ್ಟರ್ ವಿರುದ್ಧ ಮೆಕಾಲಮ್ ಪ್ರಕರಣದಲ್ಲಿ ಹತ್ತಿರದ ಮಾತನ್ನೇ ಹೇಳಿತು. ಕೊಲೆಗಾಗಿ ಮರಣದಂಡನೆಗೆ ಗುರಿಯಾಗಿದ್ದ ಪೋರ್ಟರ್ ಕೊರಿಯಾ ಯುದ್ಧದ ಅತ್ಯಂತ ಭೀಕರ ಕಾಳಗಗಳಲ್ಲಿ ಎರಡನ್ನು ಕಂಡು ಗಾಯಗೊಂಡಿದ್ದವನು. ಆತನ ವಕೀಲರು ಅದನ್ನು ತೀರ್ಪುಗಾರರ, ಅಂದರೆ ಜ್ಯೂರಿಯ ಮುಂದೆ ಇಡಲೇ ಇಲ್ಲ. ಸೇವೆ ಸಲ್ಲಿಸಿದವರ ವಿಷಯದಲ್ಲಿ, ಅದರಲ್ಲೂ ಮುಂಚೂಣಿಯಲ್ಲಿ ಹೋರಾಡಿದವರ ವಿಷಯದಲ್ಲಿ, ರಿಯಾಯಿತಿ ತೋರುವ ದೀರ್ಘ ಪರಂಪರೆ ದೇಶಕ್ಕಿದೆ ಎಂದ ನ್ಯಾಯಾಲಯ, ಯುದ್ಧದ ಅನುಭವ ಆತನ ಮೇಲೆ ಮಾಡಿರಬಹುದಾದ ಪರಿಣಾಮವನ್ನು ತೀರ್ಪುಗಾರರು ತಿಳಿಯಬೇಕಿತ್ತು ಎಂದಿತು.

ಫಲಿತಾಂಶ ಹೇಗಿದೆ ಎಂದರೆ, ಸಿಕ್ಕಿರುವ ಪುರಾವೆ ಆಶಾದಾಯಕವಾಗಿದೆ ಆದರೆ ಗಟ್ಟಿಯಾಗಿಲ್ಲ. 115 ವಿಎ ಕೇಂದ್ರಗಳಿಗೆ ಸೇರಿದ 7,931 ಮಾಜಿ ಸೈನಿಕರ ಮಾಹಿತಿ ಆಧರಿಸಿ 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸರಾಸರಿ ಹತ್ತಿರಹತ್ತಿರ ಒಂದು ವರ್ಷದ ಅವಧಿಯಲ್ಲಿ ಮತ್ತೆ ಜೈಲು ಸೇರಿದವರು ಶೇ 14. ಸ್ವಂತ ವಾಸಸ್ಥಳ ಇದ್ದವರ ಪ್ರಮಾಣ ಶೇಕಡಾ 10ರಷ್ಟು ಅಂಶ, ವಿಎ ಸವಲತ್ತು ಪಡೆಯುವವರದು 12ರಷ್ಟು ಅಂಶ ಏರಿತು. ಉದ್ಯೋಗದಲ್ಲಿದ್ದವರ ಪ್ರಮಾಣ ಏರಿದ್ದು ಕೇವಲ ಒಂದು ಅಂಶ. ಈ ಕೊನೆಯ ಅಂಕಿ ನನ್ನನ್ನು ಕಾಡುತ್ತದೆ. ಚಿಕಿತ್ಸೆ ಕೊಡಿಸಬಲ್ಲ, ಸೂರು ಹುಡುಕಿಕೊಡಬಲ್ಲ ವ್ಯವಸ್ಥೆ ಕೆಲಸ ಕೊಡಿಸುವಲ್ಲಿ ಸೋತಿದೆ. ದುಡಿಮೆಯಿಂದಲೇ ತನ್ನನ್ನು ಗುರುತಿಸಿಕೊಂಡಿದ್ದ ಮನುಷ್ಯನಿಗೆ ಕೆಲಸವೇ ಚಿಕಿತ್ಸೆಯ ದೊಡ್ಡ ಭಾಗ. ಇನ್ನೊಂದೆಡೆ, ಸುಲಭದ ಪ್ರಕರಣಗಳನ್ನೇ ಆಯ್ದು ಒಳಗೆ ಬಿಟ್ಟುಕೊಂಡಾಗ ಫಲಿತಾಂಶ ಸಹಜವಾಗಿ ಚೆನ್ನಾಗಿ ಕಾಣುತ್ತದೆ ಎಂಬುದನ್ನೂ ಮರೆಯುವಂತಿಲ್ಲ.

ಜೈಲಿಗೇ ಹೋದವರ ಪಾಡು ಬೇರೆ. ಗಂಭೀರ ಅಪರಾಧಕ್ಕೆ ಶಿಕ್ಷೆಯಾಗಿ ಜೈಲು ಸೇರಿದವನ ಅಂಗವೈಕಲ್ಯ ಭತ್ಯೆಯನ್ನು 61ನೇ ದಿನದಿಂದ ವಿಎ ಕಡಿತಗೊಳಿಸುತ್ತದೆ. ಶೇ 20 ಅಥವಾ ಹೆಚ್ಚಿನ ವೈಕಲ್ಯ ಇದ್ದವನಿಗೂ ಶೇ 10ರ ದರದಲ್ಲಷ್ಟೇ ಹಣ. ಕಡಿತವಾದ ಮೊತ್ತದಲ್ಲಿ ಪಾಲು ಕೇಳಲು ಹೆಂಡತಿ ಮಕ್ಕಳಿಗೆ ಅವಕಾಶವಿದೆ, ಆದರೆ ಅದಕ್ಕೆ ಅರ್ಜಿ ಹಾಕಬೇಕು, ಅರ್ಜಿ ಹಾಕಬಹುದೆಂಬುದು ತಿಳಿದಿರಬೇಕು. ಭತ್ಯೆ ಹೋಗುತ್ತದೆಂಬ ಭಯ ಮತ್ತು ನಾಚಿಕೆ ಎರಡೂ ಸೇರಿ ಅನೇಕರು ಬಂಧನದ ಹೊತ್ತಿನಲ್ಲಿ ತಾವು ಸೈನಿಕರಾಗಿದ್ದೆವೆಂಬುದನ್ನೇ ಮುಚ್ಚಿಡುತ್ತಾರೆ. ಆದ್ದರಿಂದ ಜೈಲಿನ ಕೈದಿಗಳ ಪಟ್ಟಿಯನ್ನು ಸೇನಾ ದಾಖಲೆಯೊಂದಿಗೆ ತಾಳೆ ನೋಡುವ ತಂತ್ರಾಂಶವನ್ನು ವಿಎ ಒದಗಿಸಿದೆ. ಕೆಲವು ರಾಜ್ಯಗಳ ಜೈಲುಗಳಲ್ಲಿ ಮಾಜಿ ಸೈನಿಕರಿಗೆ ಪ್ರತ್ಯೇಕ ವಿಭಾಗಗಳಿವೆ.

ಅಗ್ನಿವೀರರು ಹಿಂದಿರುಗುವ ಮುನ್ನ

ಕೊಡಗು, ಬೆಳಗಾವಿ, ಬಾಗಲಕೋಟೆ, ಧಾರವಾಡದ ಊರುಗಳಿಂದ ಸೇನೆಗೆ ಮಕ್ಕಳನ್ನು ಕಳಿಸಿದ ಮನೆಗಳಿಗೆ ಈ ಚರ್ಚೆ ದೂರದ್ದಾಗಿ ಕಾಣಬಹುದು. ನಮ್ಮಲ್ಲಿ ಪರಿಸ್ಥಿತಿ ಅಮೆರಿಕದಂತಿದೆ ಎಂದು ಹೇಳಲು ಬೇಕಾದ ಮಾಹಿತಿಯೇ ನಮ್ಮಲ್ಲಿಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಟಿಸುವ ಕಾರಾಗೃಹ ಅಂಕಿಅಂಶಗಳಲ್ಲಿ ಕೈದಿಗಳ ವಯಸ್ಸು, ಶಿಕ್ಷಣ, ಧರ್ಮ, ಜಾತಿವರ್ಗದ ವಿವರ ಸಿಗುತ್ತದೆ. ಸೇನಾ ಸೇವೆಯ ಕಾಲಂ ಇಲ್ಲ. ಪಿಂಚಣಿ, ಇಸಿಎಚ್‌ಎಸ್ ವೈದ್ಯಕೀಯ ನೆರವು, ಮಾಜಿ ಸೈನಿಕರ ಮೀಸಲಾತಿ, ಊರಿನಲ್ಲಿ ಸಿಗುವ ಗೌರವ ಇವೆಲ್ಲ ನಮ್ಮ ಸೈನಿಕರನ್ನು ಇಲ್ಲಿಯವರೆಗೆ ಬಹುಮಟ್ಟಿಗೆ ಕಾಪಾಡಿರಬಹುದು.

ಅಗ್ನಿಪಥ ಯೋಜನೆ ಈ ಆಸರೆಯನ್ನು ಬದಲಿಸಿದೆ. 2022ರಲ್ಲಿ ಜಾರಿಯಾದ ಈ ಯೋಜನೆಯಡಿ ನಾಲ್ಕು ವರ್ಷದ ಸೇವೆಯ ನಂತರ ಗರಿಷ್ಠ ಶೇ 25 ಮಂದಿಯನ್ನು ಸೇನೆ ಉಳಿಸಿಕೊಳ್ಳುತ್ತದೆ. ಉಳಿದವರಿಗೆ ಸುಮಾರು 11.71 ಲಕ್ಷ ರೂಪಾಯಿ ಸೇವಾ ನಿಧಿ ಸಿಗುತ್ತದೆ. ಪಿಂಚಣಿ, ಇಸಿಎಚ್‌ಎಸ್, ಮಾಜಿ ಸೈನಿಕ ಎಂಬ ಸ್ಥಾನಮಾನ ಇಲ್ಲ. ಅರೆಸೇನಾ ಪಡೆಗಳಲ್ಲಿ ಮೀಸಲಾತಿ ಘೋಷಣೆಯಾಗಿದೆಯಾದರೂ ಎಲ್ಲರಿಗೂ ಅಲ್ಲಿ ಜಾಗ ಸಿಗದು. ಹದಿನೇಳೂವರೆ ವರ್ಷಕ್ಕೆ ಸೇರಿದ ಹುಡುಗ ಇಪ್ಪತ್ತೊಂದೂವರೆಗೆ ಹೊರಬರುತ್ತಾನೆ. ಇಪ್ಪತ್ತೊಂದು ವರ್ಷದೊಳಗಿನ ಅಪರಾಧಿಯನ್ನು ಸಾಧ್ಯವಾದಷ್ಟೂ ಜೈಲಿಗೆ ಕಳಿಸಬಾರದು ಎನ್ನುವ 1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆಯ 6ನೇ ಕಲಮಿನ ರಕ್ಷಣೆ ಅವನಿಗೆ ಕೆಲವೇ ತಿಂಗಳ ಅಂತರದಲ್ಲಿ ತಪ್ಪಿಹೋಗುತ್ತದೆ. ಯುವಕರು, ಅಲ್ಪಾವಧಿ ಸೇವೆ, ಹೊರಬಂದ ಮೇಲೆ ಸಂಸ್ಥೆಯ ನಂಟಿಲ್ಲದಿರುವುದು ಎಂಬ ಮೂರೂ ಕೂಡಿದಾಗ ಏನಾಗಬಹುದು ಎಂಬುದಕ್ಕೆ ಅಮೆರಿಕದ ಬ್ಯಾಡ್ ಪೇಪರ್ ಅನುಭವದಲ್ಲಿ ಎಚ್ಚರಿಕೆ ಇದೆ. ಅಗ್ನಿವೀರರು ಅಪರಾಧಿಗಳಾಗುತ್ತಾರೆ ಎಂದು ಇದರ ಅರ್ಥವಲ್ಲ. ಹಾಗೆ ಹೇಳುವುದು ಅವರಿಗೆ ಮಾಡುವ ಅವಮಾನ. ಅವರಲ್ಲಿ ಒಬ್ಬನಿಗೆ ತೊಂದರೆಯಾದಾಗ ಯಾವ ಕಚೇರಿಗೆ ಹೋಗಬೇಕು ಎಂಬುದು ಈಗಲೇ ಗೊತ್ತಾಗಿರಬೇಕು ಎಂಬುದಷ್ಟೇ ಮಾತು.

ಇದಕ್ಕೆ ಅಮೆರಿಕದ ನ್ಯಾಯಾಲಯಗಳನ್ನು ನಕಲು ಮಾಡಬೇಕಿಲ್ಲ. ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರವು 2025ರ ಜುಲೈನಲ್ಲಿ ಆರಂಭಿಸಿದ ವೀರ್ ಪರಿವಾರ್ ಸಹಾಯತಾ ಯೋಜನೆಯಡಿ ಸೈನಿಕ ಮಂಡಳಿಗಳಲ್ಲಿ ಕಾನೂನು ನೆರವು ಕೇಂದ್ರಗಳನ್ನು ತೆರೆಯುವ ಏರ್ಪಾಡಿದೆ. ಈ ಕೇಂದ್ರಗಳ ಗಮನ ಈಗ ಜಮೀನು, ಕುಟುಂಬದ ವ್ಯಾಜ್ಯಗಳ ಮೇಲಿದೆ. ಬಂಧನಕ್ಕೊಳಗಾದವನ ಬಳಿಗೆ ಮೊದಲ ದಿನವೇ ಹೋಗುವ ಕೆಲಸವನ್ನೂ ಅವಕ್ಕೆ ವಹಿಸಬಹುದು. ಅವಧಿ ಮುಗಿಸಿ ಬಂದ ಅಗ್ನಿವೀರರನ್ನೂ ಈ ನೆರವಿನ ವ್ಯಾಪ್ತಿಯಲ್ಲಿ ಸ್ಪಷ್ಟವಾಗಿ ಹೆಸರಿಸಬೇಕು. 1958ರ ಕಾಯ್ದೆಯ 4ನೇ ಕಲಮಿನಡಿ ಅಪರಾಧಿಯನ್ನು ಸನ್ನಡತೆಯ ಮುಚ್ಚಳಿಕೆಯ ಮೇಲೆ ಬಿಡುವ ಮುನ್ನ ನ್ಯಾಯಾಲಯ ಪರಿವೀಕ್ಷಣಾಧಿಕಾರಿಯ, ಅಂದರೆ ಪ್ರೊಬೇಷನ್ ಅಧಿಕಾರಿಯ ವರದಿ ಇದ್ದರೆ ಅದನ್ನು ಗಮನಿಸುತ್ತದೆ. ಆ ವರದಿಯ ನಮೂನೆಯಲ್ಲಿ ಸೇನಾ ಸೇವೆ, ನಿಯೋಜನೆಯ ಸ್ಥಳ, ಆದ ಗಾಯ, ಮಾನಸಿಕ ಚಿಕಿತ್ಸೆ ಮತ್ತು ಕುಡಿತದ ಹಿನ್ನೆಲೆಯನ್ನು ಕೇಳುವ ನಾಲ್ಕು ಸಾಲು ಸೇರಿಸಲು ಹೊಸ ಕಾಯ್ದೆ ಬೇಕಿಲ್ಲ. ಪರಿವೀಕ್ಷಣಾಧಿಕಾರಿ ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಗೆ ಒಂದು ಪತ್ರ ಬರೆದರೆ, ಆ ಕಚೇರಿ ಅದೇ ರೆಜಿಮೆಂಟಿನ ನಿವೃತ್ತ ಹವಾಲ್ದಾರರೊಬ್ಬರನ್ನು ಹುಡುಗನ ಬಳಿಗೆ ಕಳಿಸಬಹುದು. ಮೊದಲ ತಂಡದ ಅಗ್ನಿವೀರರ ಅವಧಿ ಮುಗಿಯುವುದು 2026ರ ಕೊನೆಯಿಂದ. ಹೀಗೆ ಮಾಡಬೇಕೆಂದು ಸೂಚಿಸುವ ಸುತ್ತೋಲೆಯೊಂದು ಅಷ್ಟರೊಳಗೆ ಜಿಲ್ಲೆಗಳನ್ನು ತಲುಪಬೇಕು.